ಮಲೇರಿಯಾಕ್ಕೆ ದುಡ್ಡು ಕೊಡಬೇಕೆಂದಿದ್ದೀರಾ? ಪರದೆ ಕೊಳ್ಳುವ ಮೊದಲು ಇದನ್ನು ಓದಿ

“ನಾವು ನಲವತ್ತು ಜನ ಸ್ನೇಹಿತರು ತಿಂಗಳಿಗೆ ಐನೂರು ಹಾಕ್ತಿದ್ದೇವೆ. ಮಲೇರಿಯಾ ಜಾಸ್ತಿ ಇರೋ ಕಡೆ ಕೊಡೋಣ ಅಂತಿದೆ. ಯಾರಿಗೆ ಕೊಡೋದು, ಹೇಗೆ ಕಳಿಸೋದು ಹೇಳಿ ಮೇಡಂ.”

ತುಮಕೂರಿನಲ್ಲಿ ಸಣ್ಣಪುಟ್ಟ ಸಂಘ, ಟ್ರಸ್ಟ್‌ಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಈ ಪ್ರಶ್ನೆ ಒಂದು ಸಲ ಅಲ್ಲ, ಹತ್ತಾರು ಸಲ ಬಂದಿದೆ. ಕೇಳಿದವರಲ್ಲಿ ಕಾಲೇಜಿನ ಹಳೇ ಬ್ಯಾಚಿನವರಿದ್ದಾರೆ, ಮಹಿಳಾ ಸಂಘದವರಿದ್ದಾರೆ, ಅಮೆರಿಕದಲ್ಲಿ ಮಗ ಇರುವ ಅಪ್ಪ ಅಮ್ಮ ಇದ್ದಾರೆ, ವಸಂತನರಸಾಪುರದಲ್ಲಿ ಸಣ್ಣ ಕಾರ್ಖಾನೆ ಇಟ್ಟವರೂ ಇದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಅದನ್ನೇ ಹೇಳುವ ಬದಲು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ನಮ್ಮದೇ ತಪ್ಪು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಗುಂಪು ಮಂಡಿಪೇಟೆಯಲ್ಲಿ ಸೊಳ್ಳೆ ಪರದೆಗಳನ್ನು ಸಗಟಾಗಿ ಕೊಂಡು ಪಾವಗಡದ ಕಡೆಯ ಒಂದು ಹಟ್ಟಿಯಲ್ಲಿ ಹಂಚಿತು. ಫೋಟೋ ತೆಗೆಸಿಕೊಂಡೆವು. ಮೂರು ತಿಂಗಳ ಮೇಲೆ ಬೇರೆ ಕೆಲಸಕ್ಕೆ ಹೋದಾಗ ನೋಡಿದರೆ, ಅಂಗಳದಲ್ಲಿ ಒಣಹಾಕಿದ್ದ ಕಡಲೆಕಾಯಿ ಮೇಲೆ ನಮ್ಮ ಪರದೆ ಹರಡಿದ್ದರು, ಕೋಳಿ ಬರದಿರಲಿ ಅಂತ. ಅವರನ್ನು ಬೈಯುವ ಹಾಗಿಲ್ಲ. ಆ ಊರಿನಲ್ಲಿ ಮಲೇರಿಯಾ ಇದೆಯಾ ಅಂತ ನಾವು ಕೇಳಿರಲೇ ಇಲ್ಲ. ಕೊಟ್ಟ ಪರದೆಗೆ ಔಷಧಿ ಹಾಕಿದೆಯಾ ಅಂತಲೂ ನೋಡಿರಲಿಲ್ಲ.

ಶುರುಮಾಡುವ ಮೊದಲು ಕೈಯಲ್ಲಿ ಇರಬೇಕಾದ್ದು ಇಷ್ಟೇ: ಕೊಡುವವರ ಪ್ಯಾನ್ ಸಂಖ್ಯೆ, ವರ್ಷಕ್ಕೆ ಎಷ್ಟು ಕೊಡುತ್ತೀರಿ ಎಂಬ ಅಂದಾಜು, ನೀವು ಹಳೆಯ ತೆರಿಗೆ ಪದ್ಧತಿಯಲ್ಲಿದ್ದೀರಾ ಹೊಸದರಲ್ಲಾ ಎಂಬ ಮಾಹಿತಿ, ಮತ್ತೆ ಒಂದೆರಡು ವಾರದ ತಾಳ್ಮೆ.

1. ಎಲ್ಲಿಗೆ ಕೊಡಬೇಕು ಅನ್ನುವುದನ್ನು ಮೊದಲು ತೀರ್ಮಾನಿಸಿ

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2023ರಲ್ಲಿ ಪ್ರಪಂಚದಲ್ಲಿ ಸುಮಾರು 26.3 ಕೋಟಿ ಮಲೇರಿಯಾ ಪ್ರಕರಣ, 5.97 ಲಕ್ಷ ಸಾವು. ಪ್ರಕರಣಗಳಲ್ಲಿ ನೂರಕ್ಕೆ 94 ಆಫ್ರಿಕಾದವು. ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಾಲ್ಕೇ ದೇಶದವರು: ನೈಜೀರಿಯಾ, ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ, ನೈಜರ್, ತಾಂಜಾನಿಯಾ. ಆಫ್ರಿಕಾದಲ್ಲಿ ಸಾಯುವವರಲ್ಲಿ ಮುಕ್ಕಾಲು ಪಾಲು ಐದು ವರ್ಷ ತುಂಬದ ಮಕ್ಕಳು. ಅದೇ ವರ್ಷ ಜಗತ್ತಿನಾದ್ಯಂತ ಮಲೇರಿಯಾಕ್ಕೆ ಬೇಕಿದ್ದದ್ದು 830 ಕೋಟಿ ಡಾಲರ್, ಸಿಕ್ಕಿದ್ದು 400 ಕೋಟಿ. 2025ರಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ಕಡಿತ ಮಾಡಿದ ಮೇಲೆ ಕಷ್ಟ ಇನ್ನೂ ಹೆಚ್ಚಾಯಿತು.

ಭಾರತದ ಕಥೆ ಬೇರೆ. 2015ರಲ್ಲಿ ಇಲ್ಲಿ ದಾಖಲಾಗಿದ್ದು ಹನ್ನೊಂದೂವರೆ ಲಕ್ಷಕ್ಕೂ ಹೆಚ್ಚು ಪ್ರಕರಣ. 2023ರ ಹೊತ್ತಿಗೆ ಅದು ಎರಡೂಕಾಲು ಲಕ್ಷದ ಆಸುಪಾಸಿಗೆ ಇಳಿದಿತ್ತು. ‘ಮಲೇರಿಯಾ ಹೊರೆ ಹೆಚ್ಚಿರುವ ದೇಶ’ಗಳ ಗುಂಪಿನಿಂದ 2024ರಲ್ಲಿ ಭಾರತ ಹೊರಬಂತು. 2030ರೊಳಗೆ ರೋಗವನ್ನೇ ಇಲ್ಲವಾಗಿಸುವುದು ಸರ್ಕಾರದ ಗುರಿ. ಉಳಿದಿರುವ ಮಲೇರಿಯಾ ಮಾತ್ರ ಹಠಮಾರಿ. ಛತ್ತೀಸಗಢದ ಬಸ್ತಾರ್ ಭಾಗ, ಒಡಿಶಾದ ಮಲ್ಕಾನ್‌ಗಿರಿ, ಕೊರಾಪುಟ್, ರಾಯಗಡ, ಕಾಳಾಹಂಡಿ, ಜಾರ್ಖಂಡಿನ ಪಶ್ಚಿಮ ಸಿಂಗಭೂಮ್, ಮಹಾರಾಷ್ಟ್ರದ ಗಡಚಿರೋಲಿ, ತ್ರಿಪುರಾ, ಮಿಜೋರಾಂಗಳ ಗುಡ್ಡಗಾಡು. ಎಲ್ಲವೂ ಕಾಡು, ದಾರಿ ಇಲ್ಲದ ಹಾಡಿ, ಮಳೆ ಬಂದರೆ ಕಡಿದುಹೋಗುವ ಊರು.

“ನಮ್ಮೂರಲ್ಲೇ ಖರ್ಚು ಮಾಡಬಾರದಾ?” ಅಂತ ಕೇಳುತ್ತಾರೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಈಗ ಜನ ಹೆದರುವುದು ಡೆಂಗಿಗೆ. ಎರಡನ್ನೂ ಒಂದೇ ಚೀಲಕ್ಕೆ ಹಾಕಬೇಡಿ. ಮಲೇರಿಯಾ ತರುವುದು ಅನಾಫಿಲಿಸ್ ಸೊಳ್ಳೆ, ಅದು ಕಚ್ಚುವುದು ರಾತ್ರಿ. ಡೆಂಗಿಯ ಈಡಿಸ್ ಸೊಳ್ಳೆ ಹಗಲಲ್ಲಿ ಕಚ್ಚುತ್ತದೆ. ರಾತ್ರಿ ಕಟ್ಟುವ ಪರದೆ ಡೆಂಗಿಗೆ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ನಿಮ್ಮ ಊರಿನ ಸಂಪು, ತೊಟ್ಟಿ, ಚರಂಡಿಗೆ ದುಡ್ಡು ಬೇಕಿದ್ದರೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ವರ್ಷಕ್ಕೆ 10,000 ರೂಪಾಯಿ ವರೆಗೆ ಮುಕ್ತ ನಿಧಿ ಇರುತ್ತದೆ. ಅದನ್ನು ಹೇಗೆ ಖರ್ಚು ಮಾಡಿದರು ಅಂತ ಮೊದಲು ಆಶಾ ಕಾರ್ಯಕರ್ತೆಯನ್ನು ಕೇಳಿ. ಇಲ್ಲಿಯ ಮಲೇರಿಯಾದ ಬಗ್ಗೆ ಮಾಡಬಹುದಾದ ಒಂದು ಕೆಲಸ ಇದೆ, ಅದಕ್ಕೆ 6ನೇ ಹಂತದಲ್ಲಿ ಬರುತ್ತೇನೆ.

ಯಾವ ಜಿಲ್ಲೆ, ಯಾವ ಬ್ಲಾಕ್ ಅಂತ ನೋಡುವಾಗ ಎರಡು ಅಕ್ಷರಗುಚ್ಛ ನಿಮಗೆ ಎದುರಾಗುತ್ತವೆ. ಎಪಿಐ ಅಂದರೆ ಒಂದು ವರ್ಷದಲ್ಲಿ ಸಾವಿರ ಜನಕ್ಕೆ ಎಷ್ಟು ಮಲೇರಿಯಾ ಸಿಕ್ಕಿತು ಅನ್ನುವುದು. ಒಂದಕ್ಕಿಂತ ಮೇಲಿದ್ದರೆ ಅದು ಹೊರೆ ಇರುವ ಜಾಗ. ಎಬಿಇಆರ್ ಅಂದರೆ ನೂರು ಜನರಲ್ಲಿ ಎಷ್ಟು ಜನರ ರಕ್ತ ಪರೀಕ್ಷೆ ಆಯಿತು ಅನ್ನುವುದು. ಹತ್ತಾದರೂ ಇರಬೇಕು.

ಎಡವುವುದು ಇಲ್ಲೇ. ಹತ್ತು ಸಾವಿರ ಜನರ ಒಂದು ಪ್ರದೇಶದಲ್ಲಿ 200 ಜನರ ರಕ್ತ ನೋಡಿ 8 ಮಲೇರಿಯಾ ಕಂಡರೆ ಎಪಿಐ 0.8. ಪಕ್ಕದಲ್ಲಿ ಅಷ್ಟೇ ಜನಸಂಖ್ಯೆ, 1,500 ಜನರ ರಕ್ತ ನೋಡಿ 45 ಸಿಕ್ಕರೆ 4.5. ಮೊದಲನೆಯದು ಒಳ್ಳೇ ಊರು ಅಂತ ಬಿಟ್ಟುಬಿಡಬೇಡಿ. ಅಲ್ಲಿ ಮಲೇರಿಯಾ ಕಡಿಮೆ ಇರಬಹುದು, ಅಥವಾ ಯಾರೂ ಹುಡುಕಲು ಹೋಗಿಲ್ಲದೆ ಇರಬಹುದು. ಎಪಿಐ ಹೇಳಿದವರಿಗೆ ಎಬಿಇಆರ್ ಎಷ್ಟು ಅಂತ ಕೇಳಲೇಬೇಕು.

2. ಯಾವುದಕ್ಕೆ ಕೊಡುತ್ತೀರಿ?

ಪೂರ್ತಿ ಲೇಖನ ಓದಲು ಪುರುಸೊತ್ತಿಲ್ಲದಿದ್ದರೆ ಈ ಭಾಗ ಒಂದನ್ನಾದರೂ ಓದಿ.

ಭಾರತದಲ್ಲಿ ಔಷಧಿ ಲೇಪಿತ ಪರದೆ, ಪರೀಕ್ಷೆಯ ಕಿಟ್, ಮಾತ್ರೆ ಮೂರನ್ನೂ ಸರ್ಕಾರವೇ ಪುಕ್ಕಟೆ ಕೊಡುತ್ತದೆ. ಕೊರತೆ ಹೆಚ್ಚಾಗಿ ಇರುವುದು ವಸ್ತುವಿಗಲ್ಲ. ಜ್ವರ ಬಂದ ಮಗುವಿನ ಹಟ್ಟಿಗೂ ಕಿಟ್ಟು ಇಟ್ಟಿರುವ ಉಪಕೇಂದ್ರಕ್ಕೂ ನಡುವಿನ ಎಂಟು ಹತ್ತು ಕಿಲೋಮೀಟರಿಗೆ. ಜ್ವರ ಬಂದ 24 ಗಂಟೆಯೊಳಗೆ ಪರೀಕ್ಷೆ ಆಗಿ ಮಾತ್ರೆ ಶುರುವಾಗಬೇಕು ಅನ್ನುವುದು ನಿಯಮ. ಫಾಲ್ಸಿಪಾರಂ ಅನ್ನುವ ಜಾತಿಯ ಮಲೇರಿಯಾ ಮಿದುಳಿಗೆ ಏರಿದರೆ ಒಂದೆರಡು ದಿನದಲ್ಲೇ ಮಗು ಕೈಬಿಟ್ಟುಹೋಗುತ್ತದೆ. ಹಾಗಾಗಿ ನಿಮ್ಮ ದುಡ್ಡು ಆ 24 ಗಂಟೆಯನ್ನು ಉಳಿಸುತ್ತದಾ ಅನ್ನುವುದೇ ಅಳತೆಗೋಲು. ಊರಿನಲ್ಲೇ ಇರುವ ಆರೋಗ್ಯ ಕಾರ್ಯಕರ್ತೆಯ ಗೌರವಧನ, ಬೈಕಿನ ಪೆಟ್ರೋಲು, ಲ್ಯಾಬ್ ತಂತ್ರಜ್ಞರ ಸಂಬಳ, ಸೂಕ್ಷ್ಮದರ್ಶಕದ ರಿಪೇರಿ, ತೀವ್ರ ರೋಗಿಯನ್ನು ಸಾಗಿಸುವ ಜೀಪು, ಜೊತೆಗೆ ಬಂದ ತಾಯಿಯ ಊಟ. ಇವುಗಳ ಫೋಟೋ ಚೆನ್ನಾಗಿ ಬರುವುದಿಲ್ಲ, ಅದಕ್ಕೇ ಇವುಗಳಿಗೆ ಕೊಡುವವರು ಕಡಿಮೆ.

ಛತ್ತೀಸಗಢದ ಗನಿಯಾರಿಯಲ್ಲಿ ಜನ ಸ್ವಾಸ್ಥ್ಯ ಸಹಯೋಗ ಎಂಬ ಸಂಸ್ಥೆ ಇದೆ. ಊರಿನ ಕಾರ್ಯಕರ್ತೆ ಜ್ವರ ಬಂದವರ ಬೆರಳಿಂದ ರಕ್ತದ ಹನಿ ತೆಗೆದು ಗಾಜಿನ ಸ್ಲೈಡ್ ಮಾಡಿ, ಹೆಸರು ಬರೆದು, ಆ ದಾರಿಯ ಬಸ್ಸಿನಲ್ಲಿ ಲ್ಯಾಬಿಗೆ ಕಳಿಸುತ್ತಾಳೆ. ವರದಿಯೂ ಬಸ್ಸಲ್ಲೇ ವಾಪಸ್ಸು ಬರುತ್ತದೆ. ನಾವು ಮಧುಗಿರಿಯ ಅಜ್ಜಿಗೆ ಔಷಧಿ ಪೊಟ್ಟಣವನ್ನು ಡ್ರೈವರ್ ಕೈಲಿ ಕೊಟ್ಟು ಕಳಿಸುತ್ತೀವಲ್ಲ, ಹಾಗೇ. ಅಲ್ಲಿ ಸಾಗಾಟಕ್ಕೆ ತಗಲುವ ಖರ್ಚು ಅತಿ ಕಡಿಮೆ. ಆದರೆ ಸ್ಲೈಡ್ ತೆಗೆಯಲು ಕಲಿತ ಹೆಂಗಸು ಊರಲ್ಲಿರಬೇಕು, ಬಸ್ ಬಂದಾಗ ನೋಡುವವರು ಲ್ಯಾಬಿನಲ್ಲಿರಬೇಕು. ದುಡ್ಡು ಬೇಕಾಗುವುದು ಇವರಿಬ್ಬರಿಗೆ.

ಉಳಿದ ಸಾಧನಗಳ ಬಗ್ಗೆ ಒಂದೊಂದು ಮಾತು.

*ಪರದೆ.* ಮಲೇರಿಯಾಕ್ಕೆ ಬೇಕಾದ್ದು ದೀರ್ಘಕಾಲ ಬಾಳುವ ಔಷಧಿ ಲೇಪಿತ ಪರದೆ. ಇದನ್ನು ಎಲ್‌ಎಲ್‌ಐಎನ್ ಅನ್ನುತ್ತಾರೆ. ನೂಲಿನಲ್ಲೇ ಔಷಧಿ ಇರುತ್ತದೆ. ಸೊಳ್ಳೆ ಕೂತರೆ ಸಾಯುತ್ತದೆ. ಇಪ್ಪತ್ತು ಸಲ ಒಗೆದರೂ, ಸುಮಾರು ಮೂರು ವರ್ಷ ನಡೆಯುತ್ತದೆ. ನೆರಳಲ್ಲಿ ಒಣಗಿಸಬೇಕು, ಇಬ್ಬರಿಗೆ ಒಂದು ಬೇಕು. ಅಂಗಡಿಯಲ್ಲಿ ಸಿಗುವ ಸಾದಾ ನೈಲಾನ್ ಪರದೆ ಇದಲ್ಲ. ನಾವು ಕೊಂಡಿದ್ದು ಸಾದಾದ್ದು!

*ಗೋಡೆಗೆ ಔಷಧಿ.* ಮನೆಯೊಳಗೆ ಗೋಡೆಗೆ ಕೀಟನಾಶಕ ಸಿಂಪಡಿಸುವುದು ಕೆಲಸ ಮಾಡುತ್ತದೆ, ಆದರೆ ಜನ ಒಪ್ಪಬೇಕು. ಶಿಡ್ಲಘಟ್ಟದ ರೈತ ರೇಷ್ಮೆಹುಳ ಸಾಕುವ ಮನೆಯೊಳಗೆ ಸಿಂಪಡಿಸಲು ಬಿಡುತ್ತಾನಾ? ಹುಳ ಎಲ್ಲಾ ಹೋಗುತ್ತವೆ. ಕಾಡಿನ ಹಳ್ಳಿಗಳಲ್ಲಿ ಬೇರೆ ತೊಂದರೆ. ಸಿಂಪಡಿಸಿದ ಮೇಲೆ ಹಬ್ಬ ಬಂತು ಅಂತ ಗೋಡೆಗೆ ಮಣ್ಣು ಸಗಣಿ ಸಾರಿಸಿದರೆ ಔಷಧಿ ಅಡಿಗೆ ಹೋಯಿತು.

*ಹೊಗೆ ಯಂತ್ರ.* ದಾನಿಗಳಿಗೆ ಇದರ ಮೇಲೆ ಬಲು ಪ್ರೀತಿ. ಸದ್ದು ಮಾಡುತ್ತದೆ, ಹೊಗೆ ಕಾಣುತ್ತದೆ, ಬ್ಯಾನರ್ ಕಟ್ಟಬಹುದು. ಮಲೇರಿಯಾ ತಡೆಗೆ ಇದನ್ನು ಬಳಸಬೇಡಿ ಎಂದೇ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಇದೆ. ಯಾರಾದರೂ ಮಲೇರಿಯಾ ಅಂತ ಹೇಳಿ ಹೊಗೆ ಯಂತ್ರ ಕೇಳಿದರೆ ಕೈಮುಗಿದು ಬಿಡಿ.

*ಮಾತ್ರೆ.* ಮಾತ್ರೆ ಕೊಂಡು ನೀವೇ ಹಂಚುವ ಯೋಚನೆ ಬೇಡವೇ ಬೇಡ. ವೈವಾಕ್ಸ್ ಜಾತಿಯ ಮಲೇರಿಯಾಕ್ಕೆ ಕ್ಲೋರೋಕ್ವಿನ್ ಮೂರು ದಿನ, ಪ್ರಿಮಾಕ್ವಿನ್ ಹದಿನಾಲ್ಕು ದಿನ. ಫಾಲ್ಸಿಪಾರಂಗೆ ಆರ್ಟಿಮಿಸಿನಿನ್ ಜೊತೆಗೂಡಿದ ಬೇರೆಯೇ ಮಾತ್ರೆ. ಗರ್ಭಿಣಿಯರಿಗೆ, ಹಸುಗೂಸುಗಳಿಗೆ ಪ್ರಿಮಾಕ್ವಿನ್ ಕೊಡುವಂತಿಲ್ಲ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇದ್ದವರಿಗೆ ರಕ್ತಕಣಗಳೇ ಒಡೆದುಹೋಗಬಹುದು. ಇದು ತರಬೇತಿ ಆದವರ ಕೆಲಸ.

*ಲಸಿಕೆ.* “ಈಗ ವ್ಯಾಕ್ಸಿನ್ ಬಂದಿದೆಯಲ್ಲ, ಅದಕ್ಕೇ ಕೊಡೋಣ” ಅನ್ನುವವರಿದ್ದಾರೆ. ಬಂದಿರುವುದು ನಿಜ. ಆರ್‌ಟಿಎಸ್,ಎಸ್ ಲಸಿಕೆಯನ್ನು 2021ರಲ್ಲಿ, ಆರ್21 ಲಸಿಕೆಯನ್ನು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿತು. ಆರ್21 ತಯಾರಾಗುವುದು ನಮ್ಮ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನಲ್ಲಿ, ಒಂದು ಡೋಸಿಗೆ ನಾಲ್ಕು ಡಾಲರಿಗಿಂತ ಕಡಿಮೆ. ಮಗುವಿಗೆ ನಾಲ್ಕು ಡೋಸ್ ಬೇಕು. ಆದರೆ ಇದು ಹೋಗುತ್ತಿರುವುದು ಆಫ್ರಿಕಾದ ದೇಶಗಳಿಗೆ, ಅಲ್ಲಿಯ ಸರ್ಕಾರಗಳು ಗಾವಿ ಎಂಬ ಅಂತರರಾಷ್ಟ್ರೀಯ ಒಕ್ಕೂಟದ ನೆರವಿನಿಂದ ತರಿಸಿಕೊಳ್ಳುತ್ತವೆ. ನಮ್ಮ ಸಂಘದ ಇಪ್ಪತ್ತು ಸಾವಿರದಿಂದ ಕೊಂಡು ಹಾಕಿಸುವ ವಸ್ತು ಅಲ್ಲ.

3. ಸಂಸ್ಥೆಗಳ ಚಿಕ್ಕ ಪಟ್ಟಿ ಮಾಡಿ

ಮೂರು ಸಾಕು. ಹತ್ತು ಹೆಸರು ಹಿಡಿದುಕೊಂಡರೆ ಮೀಟಿಂಗ್ ಮಾಡಿ ಮಾಡಿಯೇ ಮಳೆಗಾಲ ಮುಗಿಯುತ್ತದೆ.

ದೇಶದೊಳಗೆ ನೋಡುವುದಾದರೆ ಮೇಲೆ ಹೇಳಿದ ಜನ ಸ್ವಾಸ್ಥ್ಯ ಸಹಯೋಗ ಇದೆ. ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ಕಟ್ಟಿದ ಸರ್ಚ್ ಎಂಬ ಸಂಸ್ಥೆ ಇದೆ. ಒಡಿಶಾದ ರಾಯಗಡ ಜಿಲ್ಲೆಯ ಬಿಸ್ಸಂಕಟಕ್‌ನಲ್ಲಿ ಹಳ್ಳಿ ಹಳ್ಳಿಗೆ ಹೋಗಿ ಮಲೇರಿಯಾ ಕೆಲಸ ಮಾಡಿದ ಕ್ರಿಶ್ಚಿಯನ್ ಆಸ್ಪತ್ರೆ ಇದೆ. ಕಾಳಾಹಂಡಿಯ ಥುಆಮುಲ್ ರಾಂಪುರದಲ್ಲಿ ಸ್ವಾಸ್ಥ್ಯ ಸ್ವರಾಜ್ ಇದೆ. ಅದನ್ನು ಕಟ್ಟಿದ ಡಾ. ಅಕ್ವಿನಾಸ್ ಎಡಸ್ಸೇರಿ ಹಿಂದೆ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದವರು. ಇವರಿಗೇ ಕೊಡಿ ಅಂತ ನಾನು ಹೇಳುತ್ತಿಲ್ಲ. ಹುಡುಕಾಟ ಎಲ್ಲಿಂದ ಶುರುಮಾಡಬೇಕು ಅಂತ ಗೊತ್ತಾಗಲಿ ಅಂತ ಹೆಸರು ಕೊಟ್ಟೆ. ಯಾರೇ ಆಗಲಿ, 4ನೇ ಹಂತದ ಪ್ರಶ್ನೆಗಳನ್ನು ಕೇಳಿಯೇ ಕೊಡಿ.

ಹೊರದೇಶಕ್ಕೆ ಕೊಡುವ ಮನಸ್ಸಿದ್ದರೆ ಹೆಚ್ಚು ಕೇಳಿಬರುವ ಹೆಸರು ಎರಡು. ಅಗೇನ್‌ಸ್ಟ್ ಮಲೇರಿಯಾ ಫೌಂಡೇಶನ್ ಪರದೆಗೆ ದುಡ್ಡು ಕೊಡುತ್ತದೆ. ಒಂದು ಪರದೆಗೆ ಸುಮಾರು ಎರಡು ಡಾಲರ್, ಹಂಚುವ ಖರ್ಚನ್ನು ಬೇರೆಯವರು ನೋಡಿಕೊಳ್ಳುತ್ತಾರೆ. ಮಲೇರಿಯಾ ಕನ್ಸಾರ್ಟಿಯಂ ಮಳೆಗಾಲದ ನಾಲ್ಕೈದು ತಿಂಗಳು ತಿಂಗಳಿಗೊಮ್ಮೆ ಚಿಕ್ಕ ಮಕ್ಕಳಿಗೆ ಮುನ್ನೆಚ್ಚರಿಕೆಯ ಮಾತ್ರೆ ಕೊಡಿಸುತ್ತದೆ. ಗಿವ್‌ವೆಲ್ ಎಂಬ ಅಮೆರಿಕದ ಸಂಸ್ಥೆ ಇಂಥವುಗಳ ಲೆಕ್ಕವನ್ನು ಕೂಲಂಕಷವಾಗಿ ನೋಡಿ ಪ್ರಕಟಿಸುತ್ತದೆ. ಇಲ್ಲೊಂದು ಎಚ್ಚರಿಕೆ. “ಎರಡು ಡಾಲರ್‌ಗೆ ಒಂದು ಜೀವ ಉಳಿಯಿತು” ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಗಿವ್‌ವೆಲ್‌ನ ಅಂದಾಜಿನಲ್ಲೂ ಒಂದು ಜೀವ ಉಳಿಯಲು ತಗಲುವುದು 3,000 ಡಾಲರ್‌ಗಿಂತ ಮೇಲೇ. ಪರದೆ ಕಟ್ಟಿದ ಎಲ್ಲ ಮಕ್ಕಳೂ ಅದಿಲ್ಲದಿದ್ದರೆ ಸಾಯುತ್ತಿದ್ದರು ಅಂತಲ್ಲವಲ್ಲ. ಆದರೂ ಆ ದುಡ್ಡಿಗೆ ಇಷ್ಟು ಕೆಲಸ ಆಗುವ ಜಾಗ ಪ್ರಪಂಚದಲ್ಲಿ ಬಹಳ ಇಲ್ಲ.

ಕಾಗದ ಪತ್ರ ನೋಡುವುದು ಅರ್ಧ ಗಂಟೆಯ ಕೆಲಸ. ದಾನ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗಲು ಸಂಸ್ಥೆಗೆ ಬೇಕಾದ 80ಜಿ ನೋಂದಣಿ ಇದೆಯಾ ಅಂತ ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ನೋಡಿ. ಅವಧಿ ಮುಗಿದಿರಬಹುದು, ದಿನಾಂಕ ಗಮನಿಸಿ. ಸ್ವಯಂಸೇವಾ ಸಂಸ್ಥೆಗಳಿಗೆ ಕೊಡುವ ನೀತಿ ಆಯೋಗದ ದರ್ಪಣ್ ಸಂಖ್ಯೆ ಇದೆಯಾ ನೋಡಿ. ಹಿಂದಿನ ಎರಡು ವರ್ಷದ ಆಡಿಟ್ ಆದ ಲೆಕ್ಕಪತ್ರ ಕೇಳಿ. “ಆಡಳಿತ ಖರ್ಚು ಸೊನ್ನೆ” ಅಂತ ಬರೆದುಕೊಂಡವರ ಮೇಲೆ ನನಗೆ ಜಾಸ್ತಿ ಅನುಮಾನ. ಲೆಕ್ಕ ಬರೆಯುವವರಿಗೂ ಹೊಟ್ಟೆ ಇದೆ.

4. ಫೋನ್ ಮಾಡಿ, ರಿಜಿಸ್ಟರ್ ಬಗ್ಗೆ ಕೇಳಿ

ಪಟ್ಟಿಯ ಮೂರು ಕಡೆಗೂ ಫೋನ್ ಮಾಡಿ. ಕಚೇರಿಯವರ ಜೊತೆ ಮಾತಾಡಿದ ಮೇಲೆ, ಹಳ್ಳಿಯಲ್ಲಿ ಕೆಲಸ ಮಾಡುವವರೊಬ್ಬರ ಜೊತೆ ಹತ್ತು ನಿಮಿಷ ಕೊಡಿಸಿ ಅನ್ನಿ. ನಿಮ್ಮ ಹಿಂದಿ ಹರಕುಮುರುಕಾಗಿದ್ದರೂ ಪರವಾಗಿಲ್ಲ.

ಕೇಳಬೇಕಾದ್ದು: ನಿಮ್ಮ ಜ್ವರದ ರಿಜಿಸ್ಟರಿನಲ್ಲಿ ಯಾವ ಯಾವ ಅಂಕಣ ಇವೆ? ಚೆನ್ನಾಗಿ ಕೆಲಸ ಮಾಡುವ ಕಡೆ ಮೂರು ದಿನಾಂಕ ಇರುತ್ತವೆ. ಜ್ವರ ಶುರುವಾದ ದಿನ, ರಕ್ತ ತೆಗೆದ ದಿನ, ಮಾತ್ರೆ ಶುರುವಾದ ದಿನ. ಈ ಮೂರೂ ಒಂದರ ಪಕ್ಕ ಒಂದು ಇದ್ದರೆ ನಿಮಗೆ ಬೇರೆ ವರದಿಯೇ ಬೇಡ. ಹೆಸರು ಮುಚ್ಚಿ ಒಂದು ಪುಟದ ಫೋಟೋ ಕಳಿಸಿ ಅನ್ನಿ. ಜುಲೈ 4, ಜುಲೈ 4, ಜುಲೈ 5 ಅಂತಿದ್ದರೆ ಸಂತೋಷ. ಜುಲೈ 4, ಜುಲೈ 9, ಜುಲೈ 13 ಅಂತಿದ್ದರೆ ಆ ಐದು ದಿನ ಏನಾಯಿತು, ಆ ನಾಲ್ಕು ದಿನ ಏನಾಯಿತು ಅಂತ ಕೇಳಿ. “ಕಿಟ್ ಮುಗಿದಿತ್ತು, ಹಳ್ಳ ತುಂಬಿತ್ತು, ಬೈಕ್ ಕೆಟ್ಟಿತ್ತು” ಅಂತ ನೇರವಾಗಿ ಹೇಳಿದರೆ ಅಂಥವರಿಗೆ ಕೊಡಬಹುದು. ದುಡ್ಡು ಎಲ್ಲಿ ಬೇಕು ಅನ್ನುವುದೂ ಅಲ್ಲೇ ಗೊತ್ತಾಯಿತು. ಎಲ್ಲ ಸಾಲಿನಲ್ಲೂ ಮೂರೂ ದಿನಾಂಕ ಒಂದೇ, ಒಂದೇ ಪೆನ್ನು, ಒಂದೇ ಕೈಬರಹ ಇದ್ದರೆ? ಅದು ಕೊನೆಯ ದಿನ ಕೂತು ತುಂಬಿದ ಪುಟ. ಸಂಘದ ನಡಾವಳಿ ಪುಸ್ತಕಗಳನ್ನು ನೋಡಿ ನೋಡಿ ಇದೊಂದು ನನಗೆ ಚೆನ್ನಾಗಿ ಅಭ್ಯಾಸ ಆಗಿದೆ.

ಇನ್ನೊಂದು ಪ್ರಶ್ನೆ: ಜ್ವರ ಇಲ್ಲದವರ ರಕ್ತವನ್ನೂ ನೋಡುತ್ತೀರಾ? ಮಲೇರಿಯಾ ತುಂಬಿದ ಊರಲ್ಲಿ ಮೈಯಲ್ಲಿ ರೋಗಾಣು ಇದ್ದರೂ ಜ್ವರವೇ ಬರದ ಜನ ಇರುತ್ತಾರೆ. ಸೊಳ್ಳೆ ಅವರಿಂದಲೂ ರೋಗ ಒಯ್ಯುತ್ತದೆ. ಒಡಿಶಾ ಸರ್ಕಾರ 2017ರಲ್ಲಿ ಶುರುಮಾಡಿದ ‘ದಮನ್’ ಕಾರ್ಯಕ್ರಮದಲ್ಲಿ ದುರ್ಗಮ ಹಾಡಿಗಳಲ್ಲಿ ಶಿಬಿರ ಹಾಕಿ ಎಲ್ಲರ ರಕ್ತವನ್ನೂ ನೋಡಿದರು. 2020ರಲ್ಲಿ ಶುರುವಾದ ಬಸ್ತಾರಿನ ಮಲೇರಿಯಾ ಮುಕ್ತ ಅಭಿಯಾನದಲ್ಲೂ ಹಾಗೇ ಮಾಡಿದರು. ನೀವು ಕೊಡುವ ಸಂಸ್ಥೆ ಇಂಥ ಸರ್ಕಾರಿ ಕೆಲಸದ ಜೊತೆ ಕೈಜೋಡಿಸಿದೆಯಾ, ಅಥವಾ ಸುಮ್ನೆ ಪಕ್ಕದಲ್ಲಿ ಇನ್ನೊಂದು ಅಂಗಡಿ ತೆರೆದಿದೆಯಾ ಅಂತ ತಿಳಿದುಕೊಳ್ಳಿ.

5. ದುಡ್ಡು ಕಳಿಸುವ ದಾರಿ

ಇಲ್ಲಿ ಜನ ಜಾಸ್ತಿ ಜಾರುತ್ತಾರೆ. ನಿಮಗೆ ಯಾವುದು ಅನ್ವಯಿಸುತ್ತದೋ ಅದನ್ನು ಓದಿ, ಉಳಿದದ್ದು ಬಿಡಿ.

*ಒಬ್ಬರೇ, ದೇಶದೊಳಗಿನ ಸಂಸ್ಥೆಗೆ.* ಬ್ಯಾಂಕ್ ಅಥವಾ ಯುಪಿಐ ಮೂಲಕವೇ ಕೊಡಿ. 2,000 ರೂಪಾಯಿ ಮೇಲಿನ ನಗದು ದಾನಕ್ಕೆ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ 80ಜಿ ವಿನಾಯಿತಿಯೇ ಇಲ್ಲ. ಹಳೆಯದರಲ್ಲಿ ಸಾಮಾನ್ಯವಾಗಿ ದಾನದ ಅರ್ಧ ಮೊತ್ತ ಆದಾಯದಿಂದ ಕಳೆಯುತ್ತದೆ, ಅದಕ್ಕೂ ಒಟ್ಟು ಆದಾಯದ ಶೇಕಡ 10ರ ಮಿತಿ ಇದೆ. ಹತ್ತು ಸಾವಿರ ಕೊಟ್ಟರೆ ಐದು ಸಾವಿರ ಕಳೆಯಿರಿ. ಶೇಕಡ 20ರ ಹಂತದಲ್ಲಿದ್ದರೆ ಉಳಿಯುವ ತೆರಿಗೆ ಸುಮಾರು ಸಾವಿರ. “ಪೂರ್ತಿ ವಾಪಸ್ ಬರುತ್ತೆ” ಅಂತ ಯಾರೋ ಹೇಳಿದ್ದನ್ನು ನಂಬಿ ಕೊಟ್ಟು ಆಮೇಲೆ ನನ್ನ ಹತ್ತಿರ ಜಗಳಕ್ಕೆ ಬಂದವರಿದ್ದಾರೆ. ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬರುವ ದಿನ 2026ರ ಏಪ್ರಿಲ್ 1. ಅಲ್ಲಿ ಕಲಂ ಸಂಖ್ಯೆ ಬೇರೆ. ಜನರ ಬಾಯಲ್ಲಿ ಮಾತ್ರ ಇದು 80ಜಿಯೇ.

*ಗೆಳೆಯರ ಗುಂಪು.* ಒಬ್ಬರ ಯುಪಿಐಗೆ ಎಲ್ಲರೂ ಹಾಕಿ ಅವರು ಒಟ್ಟಿಗೆ ಕಳಿಸಿದರೆ ರಸೀದಿ ಅವರೊಬ್ಬರ ಹೆಸರಿಗೆ ಬರುತ್ತದೆ. ನಲವತ್ತು ಜನರ ಒಂದು ವರ್ಷದ 2.4 ಲಕ್ಷ ಒಬ್ಬರ ಖಾತೆಯಲ್ಲಿ ಓಡಾಡಿದರೆ ಮುಂದೆ ನೋಟಿಸು ಬಂದಾಗ ಉತ್ತರ ಕೊಡಬೇಕಾದ್ದೂ ಅವರೇ. ಸಂಸ್ಥೆಗೆ ಮೊದಲೇ ತಿಳಿಸಿ, ಒಬ್ಬೊಬ್ಬರೂ ನೇರವಾಗಿ ಕಳಿಸಿ, ವಿವರದಲ್ಲಿ ಗುಂಪಿನ ಹೆಸರು ಬರೆಯಿರಿ. ಅಲ್ಲಿ ಒಟ್ಟು ಲೆಕ್ಕ ಸಿಗುತ್ತದೆ, ಇಲ್ಲಿ ಪ್ರತಿಯೊಬ್ಬರಿಗೂ ಅವರವರ ರಸೀದಿ.

*ಹೊರದೇಶದ ಸಂಸ್ಥೆಗೆ.* ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆ ಇದೆ, ಬ್ಯಾಂಕಿನಲ್ಲಿ ಎಲ್‌ಆರ್‌ಎಸ್ ಅಂದರೆ ಗೊತ್ತಾಗುತ್ತದೆ. ಇಲ್ಲಿ ವಾಸವಿರುವ ವ್ಯಕ್ತಿ ವರ್ಷಕ್ಕೆ 2.5 ಲಕ್ಷ ಡಾಲರ್ ವರೆಗೆ ಕಳಿಸಬಹುದು, ದಾನವೂ ಅದರಲ್ಲಿ ಸೇರುತ್ತದೆ. ವಿದೇಶಿ ವಿನಿಮಯ ನೋಡುವ ಶಾಖೆಯಲ್ಲಿ ಎ2 ಫಾರಂ, ಪ್ಯಾನ್ ಕೊಡಬೇಕು. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದರೆ ದಾಟಿದ ಮೊತ್ತಕ್ಕೆ ಶೇಕಡ 20 ತೆರಿಗೆಯನ್ನು ಬ್ಯಾಂಕ್ ಮೊದಲೇ ಹಿಡಿಯುತ್ತದೆ. ಅದು ಆಮೇಲೆ ನಿಮ್ಮ ತೆರಿಗೆಗೆ ಜಮೆ ಆಗುತ್ತದೆ. 80ಜಿ ಸಿಗುವುದಿಲ್ಲ. ಈ ದಾರಿ ವ್ಯಕ್ತಿಗಳಿಗೆ ಮಾತ್ರ, ಸಂಘಕ್ಕಾಗಲಿ ಟ್ರಸ್ಟಿಗಾಗಲಿ ಕಂಪನಿಗಾಗಲಿ ಅಲ್ಲ. ಇಲ್ಲಿಯ ಧರ್ಮಾರ್ಥ ಟ್ರಸ್ಟ್ ಅನುಮತಿ ಇಲ್ಲದೆ ಹೊರದೇಶದಲ್ಲಿ ಖರ್ಚು ಮಾಡಿದರೆ ಆ ಮೊತ್ತಕ್ಕೆ ತನ್ನ ತೆರಿಗೆ ವಿನಾಯಿತಿ ಕಳೆದುಕೊಳ್ಳುತ್ತದೆ. ಸಣ್ಣ ಮೊತ್ತಕ್ಕೆ ಬ್ಯಾಂಕ್ ಶುಲ್ಕವೇ ಹೊರೆ. ಐನೂರು ಐನೂರು ಕಳಿಸುವ ಬದಲು ವರ್ಷಕ್ಕೊಮ್ಮೆ ಕಳಿಸಿ.

*ಅಮೆರಿಕದ ಮಗ, ಮಗಳು.* ಅವರ ಹತ್ತಿರ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದರೆ, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆ ಆಗುವುದಿಲ್ಲ. ಅಲ್ಲಿಯ ಪೌರತ್ವ ತೆಗೆದುಕೊಂಡಿದ್ದರೆ ಅದು ವಿದೇಶಿ ದೇಣಿಗೆ, ಹುಟ್ಟಿದ್ದು ತಿಪಟೂರಿನಲ್ಲೇ ಆಗಿದ್ದರೂ ಸರಿ. ಆಗ ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಇರುವ ಸಂಸ್ಥೆಗೆ, ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿರುವ ಅದರ ಗೊತ್ತುಪಡಿಸಿದ ಖಾತೆಗೇ ಹೋಗಬೇಕು. 2020ರ ತಿದ್ದುಪಡಿ ಆದ ಮೇಲೆ ಹಾಗೆ ಪಡೆದ ಹಣವನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವಂತಿಲ್ಲ. “ಅಪ್ಪನ ಖಾತೆಗೆ ಹಾಕ್ತೀನಿ, ನೀವು ಕೊಟ್ಟುಬಿಡಿ” ಅನ್ನುವ ಒಳದಾರಿ ಬೇಡ. ಸಿಕ್ಕಿಹಾಕಿಕೊಳ್ಳುವುದು ಕೊಟ್ಟವರಲ್ಲ, ಅಲ್ಲಿ ಕಾಡಿನಲ್ಲಿ ಕೆಲಸ ಮಾಡುವ ಸಂಸ್ಥೆ.

*ಕಂಪನಿ.* ನಿವ್ವಳ ಲಾಭ 5 ಕೋಟಿ, ವಹಿವಾಟು 1,000 ಕೋಟಿ, ನಿವ್ವಳ ಮೌಲ್ಯ 500 ಕೋಟಿ, ಇವುಗಳಲ್ಲಿ ಒಂದು ಮುಟ್ಟಿದರೂ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಖರ್ಚು, ಕಡ್ಡಾಯ. ಮೂರು ವರ್ಷದ ಸರಾಸರಿ ಲಾಭದ ಶೇಕಡ 2. ರೋಗ ತಡೆಯುವ ಆರೋಗ್ಯ ಕೆಲಸ ಅದರ ಪಟ್ಟಿಯಲ್ಲಿದೆ. ಖರ್ಚು ಭಾರತದೊಳಗೇ ಆಗಬೇಕು, ಪಡೆಯುವ ಸಂಸ್ಥೆಗೆ ಸಿಎಸ್‌ಆರ್-1 ನೋಂದಣಿ ಇರಬೇಕು. ಮುಖ್ಯವಾಗಿ ಒಂದು ವರ್ಷಕ್ಕಲ್ಲ, ಮೂರು ವರ್ಷಕ್ಕೆ ಒಪ್ಪಿಕೊಳ್ಳಿ. ಒಂದು ಮಳೆಗಾಲ ಕಾರ್ಯಕರ್ತೆಗೆ ಸಂಬಳ ಕೊಟ್ಟು ಮುಂದಿನ ಮಳೆಗಾಲ ಕೈಬಿಟ್ಟರೆ ಆ ಊರಿಗೆ ನೀವು ಉಪಕಾರ ಮಾಡಿದಂತೆ ಆಗುವುದಿಲ್ಲ.

6. ನಮ್ಮಲ್ಲೇ ಇರುವ ಒಡಿಶಾ, ಜಾರ್ಖಂಡ್

ವಸಂತನರಸಾಪುರದಲ್ಲಿ, ಕೋಲಾರದ ನರಸಾಪುರ, ವೇಮಗಲ್ ಕಡೆ ಕಾರ್ಮಿಕರ ಶೆಡ್‌ಗಳನ್ನು ನೋಡಿದ್ದೀರಲ್ಲ? ಅಲ್ಲಿರುವ ಹುಡುಗರಲ್ಲಿ ಎಷ್ಟೋ ಜನ ಒಡಿಶಾ, ಜಾರ್ಖಂಡ್ ಕಡೆಯವರು. ವರ್ಷಕ್ಕೊಮ್ಮೆ ಊರಿಗೆ ಹೋಗಿ ಬರುತ್ತಾರೆ. ವೈವಾಕ್ಸ್ ರೋಗಾಣು ಲಿವರ್‌ನಲ್ಲಿ ಅಡಗಿ ಕೂತು ವಾರಗಟ್ಟಲೆ, ತಿಂಗಳುಗಟ್ಟಲೆ ಆದ ಮೇಲೆ ಮತ್ತೆ ಎದ್ದು ಜ್ವರ ತರುತ್ತದೆ. ಹದಿನಾಲ್ಕು ದಿನದ ಪ್ರಿಮಾಕ್ವಿನ್ ಕೊಡುವುದು ಅದಕ್ಕೇ. ಮೂರು ದಿನಕ್ಕೆ ಜ್ವರ ಬಿಟ್ಟಿತು, ಕೂಲಿ ತಪ್ಪುತ್ತೆ ಅಂತ ಹುಡುಗ ಮಾತ್ರೆ ಬಿಟ್ಟು ಸೆಂಟ್ರಿಂಗ್ ಕೆಲಸಕ್ಕೆ ಹೋದರೆ, ಕಟ್ಟುತ್ತಿರುವ ಕಟ್ಟಡದ ನೀರಿನಲ್ಲೇ ಅನಾಫಿಲಿಸ್ ಸೊಳ್ಳೆಯೂ ಇರುತ್ತದೆ.

ಕಾರ್ಖಾನೆ ಇಟ್ಟವರು, ಗುತ್ತಿಗೆದಾರರು ಇಲ್ಲಿ ಖರ್ಚು ಮಾಡಬೇಕಾದ್ದು ಬಹಳ ಕಡಿಮೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದವರ ಜೊತೆ ಮಾತಾಡಿ, ಊರಿನಿಂದ ಬಂದವರಿಗೆ ಜ್ವರ ಕಂಡರೆ ಅದೇ ದಿನ ರಕ್ತ ನೋಡುವ ಏರ್ಪಾಡು ಮಾಡಿ. ಪರೀಕ್ಷೆ, ಮಾತ್ರೆ ಎರಡೂ ಅಲ್ಲಿ ಪುಕ್ಕಟೆ. ನೀವು ಕೊಡಬೇಕಾದ್ದು ಹೋಗಿಬರುವ ಆಟೋ ಬಾಡಿಗೆ, ಮಲೇರಿಯಾ ಬಂದವನಿಗೆ ಸುಸ್ತಿರುವಷ್ಟು ದಿನದ ಸಂಬಳ, ಹದಿನಾಲ್ಕೂ ದಿನ ಮಾತ್ರೆ ನುಂಗಿದನಾ ಅಂತ ನೋಡಲು ಒಬ್ಬ ಮೇಸ್ತ್ರಿ. ಶೆಡ್‌ನ ತೊಟ್ಟಿ, ಸಂಪಿಗೆ ಗಟ್ಟಿ ಮುಚ್ಚಳ ಹಾಕಿಸಿ. ಮುಚ್ಚಲಾಗದ ಬಾವಿ, ದೊಡ್ಡ ತೊಟ್ಟಿ ಇದ್ದರೆ ಆರೋಗ್ಯ ಇಲಾಖೆಯವರನ್ನು ಕೇಳಿ ಗಪ್ಪಿ ಅಥವಾ ಗಂಬೂಸಿಯಾ ಮೀನು ಬಿಡಿಸಿ. ಸೊಳ್ಳೆಯ ಮರಿಹುಳ ತಿನ್ನುವ ಮೀನು ಇವು. ಕೆರೆ, ಹಳ್ಳಕ್ಕೆ ಬಿಡಬೇಡಿ, ಅಲ್ಲಿಯ ನಾಡ ಮೀನುಗಳ ಮೊಟ್ಟೆ ಮರಿಗಳನ್ನೂ ತಿಂದುಹಾಕುತ್ತವೆ.

ಆ ಹುಡುಗರನ್ನೇ ಕೂರಿಸಿಕೊಂಡು ಕೇಳಿ: ನಿಮ್ಮೂರಲ್ಲಿ ಜ್ವರ ಬಂದರೆ ಯಾರ ಹತ್ತಿರ ಹೋಗ್ತೀರಿ? ಎಷ್ಟು ದೂರ? ಪರದೆ ಕೊಟ್ಟಿದ್ದಾರಾ, ಕಟ್ಟಿಕೊಳ್ತೀರಾ? ಯಾವ ವಾರ್ಷಿಕ ವರದಿಯಲ್ಲೂ ಸಿಗದ ಮಾಹಿತಿ ಒಂದು ಟೀ ಕುಡಿಯುವ ಹೊತ್ತಿನಲ್ಲಿ ಸಿಗುತ್ತದೆ. 3ನೇ ಹಂತದ ಪಟ್ಟಿಗೂ ಇದು ಕೆಲಸಕ್ಕೆ ಬರುತ್ತದೆ.

7. ಯಾವಾಗ ಕೊಡಬೇಕು, ಕೊಟ್ಟ ಮೇಲೆ ಏನು

ಜನವರಿಯಿಂದ ಮಾರ್ಚ್ ಒಳಗೆ ಕೊಡಿ. ಪರದೆ ಮನೆ ಸೇರಬೇಕಾದ್ದು, ಕಾರ್ಯಕರ್ತೆಯರ ತರಬೇತಿ ಮುಗಿಯಬೇಕಾದ್ದು ಮಳೆಗೆ ಮುಂಚೆ. ಜ್ವರ ಏರಿದ ಮೇಲೆ ಆಗಸ್ಟ್‌ನಲ್ಲಿ ಪತ್ರಿಕೆ ನೋಡಿ ಮನ ಕರಗಿ ಕೊಟ್ಟ ದುಡ್ಡು ಕೆಲಸಕ್ಕೆ ಬರುವುದು ಮುಂದಿನ ವರ್ಷಕ್ಕೆ. ಮಾರ್ಚ್ 31ಕ್ಕೆ ತೆರಿಗೆ ವರ್ಷವೂ ಮುಗಿಯುವುದರಿಂದ ಎರಡೂ ಹೊಂದಿಕೊಳ್ಳುತ್ತವೆ.

ಕೊಟ್ಟ ಮೇಲೆ ತಿಂಗಳಿಗೊಂದು ವರದಿ ಕೇಳಿ ಪ್ರಾಣ ತಿನ್ನಬೇಡಿ. ವರ್ಷಕ್ಕೆ ಎರಡು ಸಲ ಸಾಕು, ಮಳೆಗೆ ಮುಂಚೆ ಒಂದು, ಡಿಸೆಂಬರಿನಲ್ಲಿ ಒಂದು. ಮಕ್ಕಳ ಫೋಟೋ ಕೇಳಬೇಡಿ. ರಿಜಿಸ್ಟರಿನ ಪುಟ ಕೇಳಿ, ಕಿಟ್ ಎಷ್ಟು ದಿನ ಖಾಲಿ ಇತ್ತು ಅಂತ ಕೇಳಿ. ಒಂದು ವರ್ಷ ಪ್ರಕರಣ ಜಾಸ್ತಿ ಕಂಡರೆ ಗಾಬರಿಯಾಗಬೇಡಿ. ಪರೀಕ್ಷೆ ಜಾಸ್ತಿ ಆದ ವರ್ಷ ಮಲೇರಿಯಾ ಜಾಸ್ತಿ ಕಾಣುವುದು ಸಹಜ. ಎಬಿಇಆರ್ ಪಕ್ಕದಲ್ಲಿಟ್ಟು ನೋಡಿ. ಪ್ರಕರಣ ಸೊನ್ನೆ ಅಂತ ಬಂದರೆ ಮಾತ್ರ ತಕ್ಷಣ ಫೋನ್ ಮಾಡಿ, ಎಷ್ಟು ಜನರ ರಕ್ತ ನೋಡಿದಿರಿ ಅಂತ ಕೇಳಿ.

ಹಳೆಯ ತೆರಿಗೆ ಪದ್ಧತಿಯವರಿಗೆ ಕೊನೆಯದಾಗಿ ಒಂದು. ಸಂಸ್ಥೆ ಕೈಬರಹದಲ್ಲಿ ಕೊಟ್ಟ ರಸೀದಿ ಸಾಲುವುದಿಲ್ಲ. ಸಂಸ್ಥೆ ನಿಮ್ಮ ಪ್ಯಾನ್ ಸಮೇತ ತೆರಿಗೆ ಇಲಾಖೆಗೆ ವಿವರ ಸಲ್ಲಿಸಿ, ಅಲ್ಲಿಂದ ಬರುವ ಪ್ರಮಾಣಪತ್ರವನ್ನು ನಿಮಗೆ ಕಳಿಸಬೇಕು. ಇಷ್ಟು ದಿನ ಅದನ್ನು 10ಬಿಇ ಅನ್ನುತ್ತಿದ್ದೆವು, ಮೇ 31ರೊಳಗೆ ಕೈಸೇರಬೇಕು. ಪ್ಯಾನ್‌ನ ಒಂದು ಅಕ್ಷರ ತಪ್ಪಿದರೂ ವಿನಾಯಿತಿ ಕೈತಪ್ಪುತ್ತದೆ. ಹಾಗಾಗಿ ದುಡ್ಡು ಕಳಿಸಿದ ದಿನವೇ ಪ್ಯಾನ್, ಹೆಸರು, ಮೊತ್ತ, ದಿನಾಂಕ ನಾಲ್ಕನ್ನೂ ವಾಟ್ಸಾಪ್‌ನಲ್ಲಿ ಟೈಪ್ ಮಾಡಿ ಕಳಿಸಿ, “ಸರಿಯಾಗಿದೆ” ಅಂತ ಅವರಿಂದ ಉತ್ತರ ತರಿಸಿಕೊಳ್ಳಿ. ಜೂನ್ 1ರಂದು ಪ್ರಮಾಣಪತ್ರ ಬಂದಿರದಿದ್ದರೆ ಫೋನ್ ಮಾಡಿ. ಮಳೆ ಅಲ್ಲಿ ಶುರುವಾಯಿತಾ, ಕಿಟ್ ತಲುಪಿತಾ ಅಂತಲೂ ಅದೇ ಫೋನಿನಲ್ಲಿ ಕೇಳಿಬಿಡಿ.